ಟೈಂ ಕೀಪರ್ ಅಜ್ಜನ ಚುಕ್ಕಿಗಳು: ದಾವಣಗೆರೆಯ ಒಂದು ಘಟಕಕ್ಕೆ ಹಾಜರಿ ಯಂತ್ರ ಬಂದಾಗ

ಇದು 2019ರಲ್ಲಿ ನಡೆದದ್ದು. ಘಟಕದ ಗುರುತು ಹತ್ತದಿರಲೆಂದು ಆಳುಗಳ ಸಂಖ್ಯೆ, ವಿಭಾಗಗಳ ವಿವರ, ಒಂದೆರಡು ತಾರೀಕು ಬದಲಿಸಿದ್ದೇನೆ. ಯಂತ್ರದ ಕಂಪನಿಯ ಹೆಸರನ್ನೂ ಬಿಟ್ಟಿದ್ದೇನೆ. ತಪ್ಪು ಯಂತ್ರದ್ದಾಗಿರಲಿಲ್ಲ, ಆಗಿದ್ದರೂ ಅದರದ್ದೊಂದೇ ಆಗಿರಲಿಲ್ಲ. ಯಾರು ಯಾವ ಹೊತ್ತಿನಲ್ಲಿ ಏನು ತೀರ್ಮಾನ ಮಾಡಿದರು ಎಂಬುದನ್ನು ಮಾತ್ರ ಇದ್ದದ್ದು ಇದ್ದ ಹಾಗೆ ಬರೆದಿದ್ದೇನೆ. ನಾನು ಊರಿನ ಏಳೆಂಟು ಘಟಕಗಳಿಗೆ ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕಾರ್ಮಿಕರ ವಿಮೆ), ಸಂಬಳದ ಪಟ್ಟಿ ಮಾಡಿಕೊಡುವವನು. ಇಲ್ಲಿ ಬರುವ ತಪ್ಪು ತೀರ್ಮಾನಗಳಲ್ಲಿ ಎರಡು ನನ್ನವೇ.

ಹಿನ್ನೆಲೆ

ದಾವಣಗೆರೆ ಸುತ್ತಿನ ಸೀಮೆ ಮೆಕ್ಕೆಜೋಳದ್ದು. ಈ ಘಟಕದ ಕೆಲಸವೂ ಧಾನ್ಯದ್ದೇ: ಒಣಗಿಸುವುದು, ಹಸನು ಮಾಡುವುದು, ಒಡೆಯುವುದು, ಚೀಲ ತುಂಬುವುದು. ಒಟ್ಟು 160 ಜನ. ಬಾಯ್ಲರ್, ಡ್ರೈಯರ್, ಗಿರಣಿ ಕಡೆಯ 70 ಮಂದಿಗೆ ಮೂರು ಪಾಳಿ: ಬೆಳಗ್ಗೆ 6ರಿಂದ 2, 2ರಿಂದ ರಾತ್ರಿ 10, 10ರಿಂದ 6. ಹಸನು ಮತ್ತು ಪ್ಯಾಕಿಂಗ್‌ನಲ್ಲಿ 55 ಹೆಣ್ಣುಮಕ್ಕಳು, ಅವರಿಗೆ ಬೆಳಗ್ಗೆ 9ಕ್ಕೆ ಶುರುವಾಗುವ ಜನರಲ್ ಶಿಫ್ಟ್. ಉಳಿದವರು ಹಮಾಲರು, ಡ್ರೈವರುಗಳು, ಆಫೀಸಿನವರು.

ಹಾಜರಿ ಬರೆಯುತ್ತಿದ್ದವರು ಎಲ್ಲರೂ ಟೈಂ ಕೀಪರ್ ಅಜ್ಜ ಎಂದು ಕರೆಯುತ್ತಿದ್ದ ಒಬ್ಬ ಹಿರಿಯರು. ಊರಿನ ಹತ್ತಿ ಗಿರಣಿಯೊಂದರಲ್ಲಿ ಇದೇ ಕೆಲಸ ಮಾಡುತ್ತಿದ್ದವರು, ಗಿರಣಿ ಮುಚ್ಚಿದ ಮೇಲೆ ಇಲ್ಲಿಗೆ ಬಂದಿದ್ದರು. ಅವರ ಮಸ್ಟರ್ ಪುಸ್ತಕ ನೋಡಲು ಚೆಂದ. ಹಾಜರಿಗೆ ನೀಲಿ ಗುರುತು, ಗೈರಿಗೆ ಕೆಂಪು. ತಡವಾಗಿ ಬಂದವರ ನೀಲಿ ಗುರುತಿನ ಕೆಳಗೆ ಒಂದು ಸಣ್ಣ ಚುಕ್ಕಿ. ತಿಂಗಳಲ್ಲಿ ನಾಲ್ಕೈದು ಚುಕ್ಕಿ ಬಿದ್ದವರನ್ನು ಕರೆದು ಬೈಯುತ್ತಿದ್ದರು, ಅಷ್ಟೇ, ದುಡ್ಡು ಹಿಡಿಯುತ್ತಿರಲಿಲ್ಲ. ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟ್ ಹಾಕಿ ಆ ಕಡೆಯವರೆಲ್ಲ ಒಟ್ಟಿಗೆ ತಡವಾಗಿ ಬಂದರೆ ಚುಕ್ಕಿಯೂ ಇಲ್ಲ. ಆ ಗೇಟಿನ ಕತೆಯನ್ನು ದಾವಣಗೆರೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ಹಳೆಯ ಪದ್ಧತಿ ಹಾಲಿನಷ್ಟು ಬಿಳಿ ಇತ್ತೆಂದು ಯಾರೂ ತಿಳಿಯಬಾರದು. ರಾತ್ರಿ ಪಾಳಿಗೆ ಅಜ್ಜ ಇರುತ್ತಿರಲಿಲ್ಲ. ಗುತ್ತಿಗೆದಾರನ ಮೇಸ್ತ್ರಿ ಬರೆದುಕೊಟ್ಟ ಚೀಟಿ ನೋಡಿ ಬೆಳಗ್ಗೆ ಮಸ್ಟರಿಗೆ ಏರಿಸುತ್ತಿದ್ದರು. ಒಂದು ರಾತ್ರಿ ಮದುವೆ ಮುಗಿಸಿಕೊಂಡು ಹಾದಿಯಲ್ಲೇ ಘಟಕಕ್ಕೆ ಬಂದ ಸಾಹುಕಾರರು ತಾವೇ ತಲೆ ಎಣಿಸಿದರು. 17 ಜನ ಇದ್ದರು. ಬೆಳಗ್ಗೆ ಮಸ್ಟರಿನಲ್ಲಿ 21 ಇತ್ತು. ಅವತ್ತೇ ಮಧ್ಯಾಹ್ನ ನನಗೆ ಫೋನ್ ಮಾಡಿ, "ಥಂಬ್ ಮಿಷನ್ ಹಾಕಿಸ್ರಿ, ಎಷ್ಟಾದ್ರೂ ಆಗ್ಲಿ" ಎಂದರು. ನನಗೂ ಸರಿ ಎನಿಸಿತು. ತಿಂಗಳ ಕೊನೆಗೆ ಮಸ್ಟರ್ ಕೂಡಿಸುವ ಕೆಲಸ ತಪ್ಪುತ್ತದಲ್ಲ ಎಂಬ ಸ್ವಾರ್ಥವೂ ಇತ್ತು.

ಐದು ಬೆರಳು

ಜೂನ್‌ನಲ್ಲಿ ಹುಬ್ಬಳ್ಳಿ ಕಡೆಯಿಂದ ಒಬ್ಬ ಹುಡುಗ ಬಂದ. ವಾಚ್‌ಮನ್ ಕೋಣೆಯ ಗೋಡೆಗೆ ಯಂತ್ರ ಕೂರಿಸಿ, ಒಂದೂವರೆ ದಿನದಲ್ಲಿ ಅಷ್ಟೂ ಜನರ ಬೆರಳು ತೆಗೆದುಕೊಂಡ. ಆಮೇಲೆ ಆಫೀಸಿನ ಕಂಪ್ಯೂಟರಿನಲ್ಲಿ ಸಾಫ್ಟ್‌ವೇರ್ ಹಾಕಿ ಒಂದೊಂದೇ ಪ್ರಶ್ನೆ ಕೇಳುತ್ತಾ ಹೋದ. ಶಿಫ್ಟ್ ಟೈಮ್ ಹೇಳಿದೆವು. "ಗ್ರೇಸ್ ಎಷ್ಟು ಇಡ್ಲಿ ಸರ್?" ಎಂದ. ಲೆಕ್ಕದವರು ಫೋನಿನಲ್ಲಿದ್ದರು, ಮಾತು ನಿಲ್ಲಿಸದೆ ಐದು ಬೆರಳು ಎತ್ತಿ ತೋರಿಸಿದರು. ಐದು ನಿಮಿಷದವರೆಗೆ ತಡವಾದರೂ ಲೇಟ್ ಅಲ್ಲವೆಂದು ಹುಡುಗ ಟೈಪ್ ಮಾಡಿದ. ಉಳಿದವನ್ನು ಅವನು ಕೇಳಲಿಲ್ಲ, ನಾವು ಹೇಳಲಿಲ್ಲ. ಸಾಫ್ಟ್‌ವೇರ್ ಮೊದಲೇ ತುಂಬಿಕೊಂಡು ಬಂದಿದ್ದ ಉತ್ತರಗಳೇ ಉಳಿದವು: ಮೂರು ಸಲ ತಡವಾದರೆ ಅರ್ಧ ದಿನ ಕಡಿತ. ದಿನಕ್ಕೆ ಒಂದೇ ಪಂಚ್ (ಬೆರಳು ಒತ್ತಿದ ದಾಖಲೆ) ಇದ್ದರೆ ಅರ್ಧ ದಿನ. 60 ನಿಮಿಷಕ್ಕಿಂತ ಕಡಿಮೆಯ ಹೆಚ್ಚುವರಿ ಹೊತ್ತು ಓಟಿ (ಓವರ್‌ಟೈಮ್) ಅಲ್ಲ. ದಿನ ಶುರುವಾಗುವುದು ರಾತ್ರಿ 12ಕ್ಕೆ.

160 ಜನರ ಪಗಾರದ ಕಾನೂನು ಹೀಗೆ ಒಂದು ಮಧ್ಯಾಹ್ನದ ಚಹಾ ಮುಗಿಯುವುದರೊಳಗೆ ಬರೆದಾಯಿತು. ನಾನು ಅದೇ ಕೋಣೆಯಲ್ಲಿದ್ದೆ. ಅದು ನನ್ನ ಮೊದಲ ತಪ್ಪು.

ಅಜ್ಜನಿಗೆ ದಸರೆಯವರೆಗೆ ಬಂದುಹೋಗಿ, ಆಮೇಲೆ ನೋಡೋಣ ಎಂದು ಹೇಳಲಾಯಿತು.

ಮೊದಲ ಬಟವಾಡೆ

ಸಾವಿರಕ್ಕಿಂತ ಕಡಿಮೆ ಆಳುಗಳಿರುವ ಕಡೆ ತಿಂಗಳ ಪಗಾರವನ್ನು ಮುಂದಿನ ತಿಂಗಳ 7ರೊಳಗೆ ಕೊಡಬೇಕೆಂದು 1936ರ ವೇತನ ಪಾವತಿ ಕಾಯ್ದೆ ಹೇಳುತ್ತಿತ್ತು. ಸಾಫ್ಟ್‌ವೇರಿನಿಂದ ಬಂದ ಪಟ್ಟಿಯನ್ನೇ ನಾನು ಪಗಾರದ ಹಾಳೆಗೆ ಏರಿಸಿದೆ, ಬಟವಾಡೆ ಆಯಿತು. ಅವತ್ತು ಸಂಜೆ ಲೆಕ್ಕದವರ ಕಿಟಕಿಯ ಮುಂದೆ ಎಷ್ಟು ಜನ ನಿಂತಿದ್ದರೆಂದರೆ ಪಕ್ಕದ ಸೈಕಲ್ ಸ್ಟ್ಯಾಂಡಿನ ಸಾಲು ಬಿದ್ದುಹೋಗಿತ್ತು.

ದೂರುಗಳು ನೂರಾರು ಕೇಳಿಸಿದರೂ ಬೇರುಗಳು ನಾಲ್ಕೇ ಇದ್ದವು. ಅದು ತಿಳಿಯುವುದಕ್ಕೆ ನಮಗೆ ಎರಡು ತಿಂಗಳು ಬೇಕಾಯಿತು.

ಮೊದಲನೆಯದು ಬೆರಳಿನದು. ಯಂತ್ರ ಬೆರಳಿನ ಫೋಟೋ ಇಟ್ಟುಕೊಳ್ಳುವುದಿಲ್ಲ. ಗೆರೆ ಎಲ್ಲಿ ನಿಲ್ಲುತ್ತದೆ, ಎಲ್ಲಿ ಎರಡಾಗಿ ಕವಲೊಡೆಯುತ್ತದೆ ಎಂಬ ಬಿಂದುಗಳನ್ನು ಹುಡುಕಿ, ಅವು ಒಂದಕ್ಕೊಂದು ಎಲ್ಲೆಲ್ಲಿವೆ ಎಂಬುದನ್ನು ಅಂಕಿಗಳಾಗಿ ಇಟ್ಟುಕೊಳ್ಳುತ್ತದೆ. ಚರ್ಮ ಒಣಗಿದ್ದರೆ ಗೆರೆಗಳು ಗಾಜಿಗೆ ಸರಿಯಾಗಿ ತಾಕುವುದಿಲ್ಲ. ಉದ್ದ ಗೆರೆಯೊಂದು ನಾಲ್ಕು ತುಂಡಾಗಿ ಕಾಣುತ್ತದೆ, ತುಂಡಾದಲ್ಲೆಲ್ಲ ಸುಳ್ಳು ಬಿಂದುಗಳು ಹುಟ್ಟುತ್ತವೆ. ಬೆರಳು ಒದ್ದೆಯಾಗಿದ್ದರೆ ಗೆರೆಗಳ ನಡುವಿನ ಸಂದು ತುಂಬಿ ಎಲ್ಲವೂ ಒಂದೇ ಕಪ್ಪು ಮಚ್ಚೆ. ಹಸನು ವಿಭಾಗದವರ ಕೈ ದಿನವಿಡೀ ಕಾಳಿನಲ್ಲಿ ಉಜ್ಜಿಕೊಳ್ಳುತ್ತದೆ, ಮನೆಯಲ್ಲಿ ಪಾತ್ರೆ, ಸೋಪಿನಪುಡಿ. ಹಮಾಲರ ಬೆರಳನ್ನು ಗೋಣಿಚೀಲ ತಿಂದುಹಾಕಿರುತ್ತದೆ. ಹಾಜರಿ ಯಂತ್ರ ಚೆನ್ನಾಗಿ ಓದುತ್ತಿದ್ದದ್ದು ಆಫೀಸಿನವರ ಬೆರಳನ್ನು.

ಹಸನು ವಿಭಾಗದ ಒಬ್ಬ ಅಕ್ಕನಿಗೆ 26 ದಿನದಲ್ಲಿ 9 ಗೈರು ಬಿದ್ದಿತ್ತು. ಒಂದು ದಿನವೂ ತಪ್ಪಿಸಿದವರಲ್ಲ. ಅವರು ಕಿಟಕಿಯ ಮುಂದೆ ಆಡಿದ ಮಾತು ನನಗೆ ಈಗಲೂ ನೆನಪಿದೆ. "ಸಾಕ್ಷರತೆ ಟೈಮಿನಾಗ ಬಂದು ಸೈನ್ ಹಾಕೋದು ಕಲಿಸಿದ್ರಿ, ಹೆಬ್ಬೆಟ್ಟು ಒತ್ತಬಾರ್ದು ಅಂದ್ರಿ. ಈಗ ಹೆಬ್ಬೆಟ್ಟೇ ಒತ್ತು ಅಂತೀರಿ. ಒತ್ತಿದ್ರ ಅದು ನಿಂದಲ್ಲ ಅಂತೀರಿ."

ಗೈರಿನ ಪೆಟ್ಟು ಆ ತಿಂಗಳ ಪಗಾರಕ್ಕೆ ನಿಲ್ಲುವುದಿಲ್ಲ. ಆಗಿನ ಕಾರ್ಖಾನೆ ಕಾಯ್ದೆಯಲ್ಲಿ ವರ್ಷಕ್ಕೆ 240 ದಿನ ದುಡಿದವರಿಗೆ ಮಾತ್ರ ಮುಂದಿನ ವರ್ಷ ಪಗಾರಿ ರಜೆ, 20 ದಿನಕ್ಕೆ ಒಂದರಂತೆ. ಇಎಸ್‌ಐನಲ್ಲಿ ಕಾಯಿಲೆ ಭತ್ಯೆ ಸಿಗಬೇಕಾದರೆ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಇರಬೇಕು. ತಿಂಗಳಿಗೆ 9 ದಿನ ಸುಮ್ಮನೆ ಸೋರಿಹೋದರೆ 240ರ ಗೆರೆ ತಪ್ಪಿಹೋಗುತ್ತದೆ, 78ರ ಗೆರೆಯೂ ಹತ್ತಿರವಾಗುತ್ತದೆ. ಇಎಸ್‌ಐ ರಿಟರ್ನ್ ತುಂಬುವವನು ನಾನೇ ಆಗಿದ್ದರಿಂದ ಇದು ನನಗೆ ಮೊದಲೇ ಹೊಳೆಯಬೇಕಿತ್ತು.

ಎರಡನೆಯದು ಗಡಿಯಾರ ಮತ್ತು ಸಾಲು. ಇದಕ್ಕೆ ಆಮೇಲೆ ಬರುತ್ತೇನೆ.

ಮೂರನೆಯದು ರಾತ್ರಿ ಪಾಳಿ. ಸೋಮವಾರ ರಾತ್ರಿ 9:52ಕ್ಕೆ ಒಳಬಂದವನು ಮಂಗಳವಾರ ಬೆಳಗ್ಗೆ 6:11ಕ್ಕೆ ಹೊರಹೋಗುತ್ತಾನೆ. ಸಾಫ್ಟ್‌ವೇರಿಗೆ ದಿನ ಮುಗಿಯುವುದು ಮಧ್ಯರಾತ್ರಿಗೆ. ಆದ್ದರಿಂದ ಸೋಮವಾರಕ್ಕೆ ಒಂದೇ ಪಂಚ್, ಅರ್ಧ ದಿನ. ಮಂಗಳವಾರಕ್ಕೆ ಬೆಳಗ್ಗೆ 6:11 ಮೊದಲ ಪಂಚ್, ರಾತ್ರಿ 9:50 ಕೊನೆಯ ಪಂಚ್. ಮೊದಲಿಂದ ಕೊನೆಯವರೆಗೆ ಲೆಕ್ಕ ಹಾಕಿ 15 ಗಂಟೆ 39 ನಿಮಿಷ ದುಡಿದಿದ್ದಾನೆ ಎಂದು ಅದು ತೋರಿಸಿತು! ಮನೆಯಲ್ಲಿ ಮಲಗಿದ ಹೊತ್ತು ಕೆಲಸವಾಯಿತು, ಕೆಲಸದ ಹೊತ್ತು ಲೆಕ್ಕಕ್ಕೇ ಇಲ್ಲ.

ಇಲ್ಲಿ ಒಂದು ಸೂಕ್ಷ್ಮ ನಡೆಯಿತು, ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅದೇ. ಪಟ್ಟಿಯಲ್ಲಿ ರಾತ್ರಿ ಪಾಳಿಯವರ ಓಟಿ ಕಾಲಂನಲ್ಲಿ ದಿನಕ್ಕೆ ಏಳೂವರೆ ಗಂಟೆ ಕಂಡಕೂಡಲೇ ಲೆಕ್ಕದವರು "ಇದೇನೋ ತಪ್ಪಾಗೇತಿ" ಎಂದು ಆ ಕಾಲಂ ಪೂರ್ತಿ ಸೊನ್ನೆ ಮಾಡಿದರು. ಸರಿಯಾದ ಕೆಲಸವೇ. ಆದರೆ ಪಕ್ಕದ ಕಾಲಂನಲ್ಲಿ ಅದೇ ದೋಷದಿಂದ ಹುಟ್ಟಿದ ಅರ್ಧ ದಿನಗಳನ್ನು ಹಾಗೇ ಬಿಟ್ಟರು. ಹೆಚ್ಚು ಬಂದದ್ದು ಯಂತ್ರದ ತಪ್ಪಾಗಿ ಕಂಡಿತು, ಕಡಿಮೆ ಬಂದದ್ದು ಆಳಿನ ತಪ್ಪಾಗಿ ಕಂಡಿತು. ಅವರು ಕೆಟ್ಟ ಮನುಷ್ಯರಲ್ಲ. ಪಟ್ಟಿ ನನ್ನ ಕೈಗೂ ಬಂದಿತ್ತು, ನನಗೂ ಹಾಗೇ ಕಂಡಿತ್ತು.

ನಾಲ್ಕನೆಯದು ಮೂರು ಲೇಟಿಗೆ ಅರ್ಧ ದಿನದ ನಿಯಮ. ಲೆಕ್ಕ ಸುಲಭವಾಗಲೆಂದು ದಿನಗೂಲಿ 400 ರೂಪಾಯಿ, ದಿನಕ್ಕೆ 480 ನಿಮಿಷ ಎಂದು ಹಿಡಿಯೋಣ. ಒಬ್ಬರು ಮೂರು ದಿನ ಸೇರಿ 33 ನಿಮಿಷ ತಡವಾದರು. ಅವರು ಕೆಲಸ ಮಾಡದ ಹೊತ್ತಿನ ಬೆಲೆ 27 ರೂಪಾಯಿ 50 ಪೈಸೆ. ಹಿಡಿದದ್ದು 200. ಗೈರಾದ ಹೊತ್ತು ಒಟ್ಟು ಹೊತ್ತಿನಲ್ಲಿ ಎಷ್ಟು ಪಾಲೋ ಅಷ್ಟು ಪಾಲಿಗಿಂತ ಹೆಚ್ಚು ಹಿಡಿಯುವಂತಿಲ್ಲ ಎಂದು ವೇತನ ಪಾವತಿ ಕಾಯ್ದೆಯ 9ನೇ ಕಲಮು ಹೇಳುತ್ತಿತ್ತು. ದಂಡವೆಂದು ಹಿಡಿಯುತ್ತೇವೆ ಅಂದರೆ ಅದಕ್ಕೆ ಬೇರೆ ದಾರಿ ಇತ್ತು: ಯಾವ ತಪ್ಪಿಗೆ ದಂಡವೆಂದು ಮೊದಲೇ ಮಂಜೂರಾದ ಪಟ್ಟಿ ಇರಬೇಕು, ಆಳಿಗೆ ಕಾರಣ ಹೇಳಲು ಅವಕಾಶ ಕೊಡಬೇಕು, ಆ ಅವಧಿಯ ಕೂಲಿಯ ನೂರಕ್ಕೆ 3 ದಾಟಬಾರದು, ದಂಡದ ಪುಸ್ತಕ ಇಡಬೇಕು. ನಮ್ಮಲ್ಲಿ ಇದ್ದದ್ದು ಸಾಫ್ಟ್‌ವೇರಿನ ಒಂದು ಟಿಕ್ ಗುರುತು. ಈಗ 2025ರ ನವೆಂಬರ್ 21ರಿಂದ ವೇತನ ಸಂಹಿತೆ ಜಾರಿಗೆ ಬಂದಿದೆ. ಅದರಲ್ಲೂ ಈ ಪಾಲಿನ ಲೆಕ್ಕ, 3ರ ಮಿತಿ ಎರಡೂ ಉಳಿದಿವೆ. ಇಷ್ಟಾದರೂ ಈ ಟಿಕ್ ಗುರುತು ಹಾಕಿಕೊಂಡೇ ಓಡುತ್ತಿರುವ ಹಾಜರಿ ಸಾಫ್ಟ್‌ವೇರುಗಳನ್ನು ನಾನು ಇವತ್ತಿಗೂ ಘಟಕಗಳಲ್ಲಿ ನೋಡುತ್ತೇನೆ.

ಮೊದಲು ಮಾಡಿದ ಮದ್ದುಗಳು

ಮೊದಲ ಮದ್ದು ನೋಟೀಸು. "ಎಲ್ಲರೂ ಸರಿಯಾಗಿ ಥಂಬ್ ಇಡತಕ್ಕದ್ದು." ಇದರಿಂದ ಯಾವ ಬೆರಳಿಗೂ ಹೊಸ ಗೆರೆ ಮೂಡಲಿಲ್ಲ.

ಎರಡನೆಯದು ಯಾರೋ ಹೇಳಿದ ಕೊಬ್ಬರಿಎಣ್ಣೆ. ಬೆರಳಿಗೆ ಒಂದು ಹನಿ ಸವರಿದರೆ ಒಣ ಚರ್ಮ ಮೆತ್ತಗಾಗಿ ಹಿಡಿಯುತ್ತದೆ. ಹಿಡಿಯಿತು ಕೂಡ, ಮೊದಲ ನಾಲ್ಕೈದು ಜನರಿಗೆ. ಆಮೇಲೆ ಗಾಜಿನ ಮೇಲೆ ಎಣ್ಣೆಯ ಪದರ ಕೂತು, ಅದಕ್ಕೆ ಜೋಳದ ಹೊಟ್ಟು ಅಂಟಿ, ಆಫೀಸಿನವರ ಬೆರಳೂ ಹಿಡಿಯದಾಯಿತು. ವಾಚ್‌ಮನ್ ಲುಂಗಿಯ ತುದಿಯಿಂದ ಗಾಜು ಒರೆಸುತ್ತಾ ನಿಂತಿರುತ್ತಿದ್ದ.

ಮೂರನೆಯದು ನನ್ನ ಎರಡನೇ ತಪ್ಪು. ಹುಬ್ಬಳ್ಳಿಯ ಹುಡುಗನಿಗೆ ಫೋನ್ ಮಾಡಿದರೆ, ಹೋಲಿಕೆಯ ಮಟ್ಟ ಇಳಿಸಬಹುದು ಎಂದ. ಎಷ್ಟು ಬಿಂದು ಹೊಂದಿದರೆ "ಇವರೇ" ಎಂದು ಒಪ್ಪಬೇಕು ಎಂಬ ಮಟ್ಟ ಅದು. ಏರಿಸಿದರೆ ನಿಜವಾದವರನ್ನೂ ಬೇಡ ಎನ್ನುತ್ತದೆ, ಇಳಿಸಿದರೆ ಬೇರೆಯವರನ್ನೂ ಒಪ್ಪುತ್ತದೆ. ಒಂದು ಬೆರಳನ್ನು 160 ಜನರ ಎಲ್ಲ ಬೆರಳುಗಳ ಜೊತೆ ಹೋಲಿಸಿ ನೋಡುವ ಕಡೆ ಇದು ಇನ್ನೂ ಅಪಾಯ. ಜಗಳ ನಿಂತರೆ ಸಾಕಿತ್ತು ನನಗೆ, ಇಳಿಸು ಎಂದೆ. ಒಂದು ವಾರ ಎಲ್ಲರೂ ಸುಮ್ಮನಿದ್ದರು.

ಆಗಸ್ಟಿನಲ್ಲಿ ಪ್ಯಾಕಿಂಗ್‌ನ ಒಬ್ಬ ಹುಡುಗಿ ಎರಡು ದಿನ ರಜೆ ಹಾಕಿ ಹರಪನಹಳ್ಳಿ ಕಡೆ ತಮ್ಮ ಊರಿಗೆ ಹೋಗಿದ್ದಳು. ಪಟ್ಟಿಯಲ್ಲಿ ಆ ಎರಡು ದಿನವೂ ಅವಳು ಹಾಜರು. ಅವಳ ಪಕ್ಕ ಕೂರುವ ಗೆಳತಿ ಎರಡು ದಿನವೂ ಗೈರು. ಸೂಪರ್‌ವೈಸರ್ ಎಲ್ಲರ ಎದುರಿಗೇ ಇಬ್ಬರನ್ನೂ ಕಳ್ಳ ಹಾಜರಿ ಹಾಕಿಸಿದಿರಿ ಎಂದುಬಿಟ್ಟ. ಯಂತ್ರ ಒಬ್ಬಳ ಬೆರಳನ್ನು ಇನ್ನೊಬ್ಬಳದೆಂದು ಓದಿರಬಹುದು ಎಂಬುದು ಯಾರ ತಲೆಗೂ ಹೋಗಲಿಲ್ಲ, ಯಂತ್ರ ತಂದದ್ದೇ ಕಳ್ಳ ಹಾಜರಿ ಹಿಡಿಯುವುದಕ್ಕಲ್ಲವೇ! ಮರುದಿನ ಬೆಳಗ್ಗೆ 9ಕ್ಕೆ ಹಸನು, ಪ್ಯಾಕಿಂಗ್ ಎರಡೂ ವಿಭಾಗದವರು ಗೇಟಿನ ಹೊರಗೇ ಕುಳಿತರು. ಒಳಗೆ ಲಾರಿ ನಿಂತಿತ್ತು. 11ರವರೆಗೆ ಯಾರೂ ಏಳಲಿಲ್ಲ.

ತಿರುವು

ಸಾಹುಕಾರರು ನನ್ನನ್ನು ಕರೆಸಿ, "ಮಿಷನ್ ಸುಳ್ಳು ಹೇಳ್ತದೋ, ಇವ್ರು ಸುಳ್ಳು ಹೇಳ್ತಾರೋ, ಅದೊಂದು ಹೇಳ್ರಿ ನಂಗೆ" ಎಂದರು. ಹೋಲಿಸಿ ನೋಡಲು ನನ್ನ ಬಳಿ ಇನ್ನೊಂದು ಲೆಕ್ಕ ಇರಲಿಲ್ಲ. ಮಸ್ಟರ್ ಜೂನ್‌ನಲ್ಲೇ ನಿಂತಿತ್ತಲ್ಲ.

ನಿಂತಿರಲಿಲ್ಲ. ಹೊರಗೆ ಬೆಂಚಿನ ಮೇಲಿದ್ದ ಅಜ್ಜ ಒಳಗೆ ಬಂದು ತಮ್ಮ ಕೈಚೀಲದಿಂದ 200 ಪುಟದ ಒಂದು ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. ಜೂನ್, ಜುಲೈ, ಆಗಸ್ಟ್. ನೀಲಿ, ಕೆಂಪು, ಚುಕ್ಕಿ ಎಲ್ಲ ಇತ್ತು. "ಬರೀಬೇಡ ಅಂದಿದ್ರಿ. ಕೈ ಸುಮ್ನಿರ್ಲಿಲ್ಲ ಸಾವ್ಕಾರ್ರೇ" ಎಂದರು. ಈ ಸಲ ರಾತ್ರಿ ಪಾಳಿಯನ್ನು ಮೇಸ್ತ್ರಿಯ ಚೀಟಿ ನೋಡಿ ಬರೆದಿರಲಿಲ್ಲ, ವಾಚ್‌ಮನ್‌ನನ್ನು ಕೇಳಿ ಬರೆದಿದ್ದರು.

ನಾಲ್ಕು ರಾತ್ರಿ ಕೂತು ಎರಡನ್ನೂ ಸಾಲು ಸಾಲಾಗಿ ಹೋಲಿಸಿದೆ. ಮೇಲೆ ಹೇಳಿದ ಬೇರುಗಳು ಕಂಡದ್ದು ಆಗ. ಜೊತೆಗೆ, ಅಜ್ಜ ಚುಕ್ಕಿ ಇಟ್ಟಿರದ ಎಷ್ಟೋ ದಿನ ಯಂತ್ರ ಜನರಲ್ ಶಿಫ್ಟಿನವರನ್ನು ಸಾರಾಸಗಟಾಗಿ ಲೇಟ್ ಎಂದಿತ್ತು. ಅಜ್ಜ ಮೃದುವಾದರೇ? ಐದನೇ ದಿನ ಬೆಳಗ್ಗೆ 8:45ಕ್ಕೆ ಗೇಟಿಗೆ ಹೋಗಿ ನಿಂತೆ. ಮೊಬೈಲ್‌ನಲ್ಲಿ 8:54 ಇದ್ದಾಗ ಯಂತ್ರದಲ್ಲಿ 9:00. ಅದನ್ನು ಯಾವ ನೆಟ್‌ವರ್ಕಿಗೂ ಜೋಡಿಸಿರಲಿಲ್ಲ. ತಿಂಗಳಿಗೊಮ್ಮೆ ಪೆನ್‌ಡ್ರೈವ್‌ನಲ್ಲಿ ಲೆಕ್ಕ ತೆಗೆಯುತ್ತಿದ್ದರು. ತನ್ನ ಪಾಡಿಗೆ ತಾನು ಓಡುತ್ತಾ ಗಡಿಯಾರ ಆರು ನಿಮಿಷ ಮುಂದಕ್ಕೆ ಹೋಗಿತ್ತು. ಇನ್ನು ಸಾಲು. ಸೆರಗಿಗೆ ಬೆರಳು ಒರೆಸಿ, ಊದಿ, ಒತ್ತಿ, ಹಿಡಿಯದಿದ್ದರೆ ಮತ್ತೊಮ್ಮೆ ಒತ್ತಿ ಮುಂದೆ ಹೋಗಲು ಒಬ್ಬರಿಗೆ ಸರಾಸರಿ ಆರು ಸೆಕೆಂಡು. 55 ಜನರಿಗೆ ಐದೂವರೆ ನಿಮಿಷ. ಗ್ರೇಸ್ ಐದು ನಿಮಿಷ. ಎಲ್ಲರೂ ಸಮಯಕ್ಕೆ ಸರಿಯಾಗಿ ಬಂದು ಸಾಲಿನಲ್ಲಿ ನಿಂತರೂ ಕೊನೆಯ ಐದಾರು ಜನ ಲೇಟ್ ಆಗಲೇಬೇಕು.

ಅಜ್ಜನ ಪುಸ್ತಕ ಅವರಿಗೆ ಅನುಕೂಲವಾಗಿರದ ಒಂದು ವಿಷಯವನ್ನೂ ಹೊರಗೆ ಹಾಕಿತು. ಹಳೆಯ ಮಸ್ಟರಿನ ರಾತ್ರಿ ಪಾಳಿಯಲ್ಲಿ ಇದ್ದ ನಾಲ್ಕು ಹೆಸರುಗಳಿಗೆ ಜೂನ್‌ನಿಂದ ಈಚೆಗೆ ಬೆರಳೂ ಇರಲಿಲ್ಲ, ಆಳೂ ಇರಲಿಲ್ಲ. ಎಷ್ಟು ತಿಂಗಳಿಂದ ಆ ಕೂಲಿ ಹೋಗುತ್ತಿತ್ತೋ. ಅಜ್ಜ ತಲೆ ತಗ್ಗಿಸಿ ಕುಳಿತರು. ಗುತ್ತಿಗೆದಾರನ ಬಿಲ್ಲಿನಿಂದ ಅವನ್ನು ಕಿತ್ತುಹಾಕಿದ್ದರಿಂದ ಉಳಿದ ದುಡ್ಡು ಸಣ್ಣದಲ್ಲ. ಯಂತ್ರ ತಂದ ಉದ್ದೇಶ ಅಷ್ಟರ ಮಟ್ಟಿಗೆ ಪೂರ್ತಿಯಾಗಿ ಈಡೇರಿತ್ತು.

ಹೊರಹೋಗುವ ಪಂಚ್

ಇಷ್ಟನ್ನೂ ಕೇಳಿಸಿಕೊಂಡ ಸಾಹುಕಾರರು ಹಿಡಿದ ದುಡ್ಡು ವಾಪಸ್ ಕೊಡಲು ತಕರಾರು ಮಾಡಲಿಲ್ಲ. ಕಷ್ಟವಾದದ್ದು ಆಮೇಲಿನ ಹಾಳೆ.

ರಾತ್ರಿ ಪಾಳಿಯವರ ಹೊರಹೋಗುವ ಪಂಚ್ 6:00ಕ್ಕೆ ಎಲ್ಲೂ ಇರಲಿಲ್ಲ. 6:15, 6:20, 6:25. ಬಾಯ್ಲರ್, ಡ್ರೈಯರ್ ಬಿಟ್ಟು ಹೋಗುವಂತಿಲ್ಲ; ಮುಂದಿನ ಪಾಳಿಯವನು ಬಂದು, ಉಷ್ಣತೆ, ತೇವಾಂಶ ನೋಡಿ ವಹಿಸಿಕೊಂಡ ಮೇಲೇ ಹೊರಡಬೇಕು. ಮೂರೂ ಪಾಳಿಯಲ್ಲಿ ಇದೇ. ಊಟವೂ ಯಂತ್ರದ ಪಕ್ಕದಲ್ಲೇ ಆಗುವುದರಿಂದ 8 ಗಂಟೆಯಲ್ಲಿ ಬಿಡುವೆಂದು ಕಳೆಯಲು ಏನೂ ಇರಲಿಲ್ಲ. ಐದು ಗಂಟೆಗೊಮ್ಮೆ ಅರ್ಧ ಗಂಟೆ ಬಿಡುವು ಕೊಡಬೇಕೆಂಬ ನಿಯಮದ ಮಾತು ಬೇರೆಯೇ. 8 ಗಂಟೆಯಂತೆ ಆರು ದಿನಕ್ಕೆ 48 ಆಗಿಹೋಗಿರುತ್ತದೆ, ಅದರ ಮೇಲಿನದ್ದಕ್ಕೆ ಆಗಿನ ಕಾರ್ಖಾನೆ ಕಾಯ್ದೆಯ 59ನೇ ಕಲಮಿನ ಪ್ರಕಾರ ದುಪ್ಪಟ್ಟು ಕೂಲಿ. ದಿನಕ್ಕೆ 20 ನಿಮಿಷವಾದರೆ ವಾರಕ್ಕೆ ಎರಡು ಗಂಟೆ, ದುಪ್ಪಟ್ಟಿಗೆ ನಾಲ್ಕು ಗಂಟೆಯ ಕೂಲಿ. ಮೊದಲಿನ 400ರ ಲೆಕ್ಕದಲ್ಲಿ ವಾರಕ್ಕೆ 200 ರೂಪಾಯಿ, ಒಬ್ಬೊಬ್ಬರಿಗೆ. ಸಾಫ್ಟ್‌ವೇರ್ 60 ನಿಮಿಷಕ್ಕಿಂತ ಕಡಿಮೆಯದೆಂದು ಇದನ್ನೆಲ್ಲ ನುಂಗಿಹಾಕಿತ್ತು. 11 ನಿಮಿಷ ತಡವಾದದ್ದು ಅದಕ್ಕೆ ಕಾಣುತ್ತಿತ್ತು, 25 ನಿಮಿಷ ಹೆಚ್ಚು ನಿಂತದ್ದು ಕಾಣುತ್ತಿರಲಿಲ್ಲ.

ಸಾಹುಕಾರರು ಹಾಳೆಯನ್ನು ಬಹಳ ಹೊತ್ತು ನೋಡಿದರು. "ಕಳ್ಳರನ್ನ ಹಿಡೀಲಿ ಅಂತ ತಂದ್ರೆ ನನ್ನೇ ಹಿಡೀತಲ್ರೀ ಇದು" ಎಂದರು. ಲೆಕ್ಕದವರು ಆಗ ಒಂದು ಉಪಾಯ ಹೇಳಿದರು: ಒಳಗೆ ಬರುವಾಗ ಮಾತ್ರ ಬೆರಳು ಸಾಕು, ಹೊರಹೋಗುವ ಪಂಚ್ ತೆಗೆದುಹಾಕೋಣ. ಎಷ್ಟೋ ಕಡೆ ಹಾಗೇ ಇದೆ. ಒಂದು ಕ್ಷಣ ಆ ಕೋಣೆಯಲ್ಲಿ ಎಲ್ಲರಿಗೂ ಅದೇ ಸರಿ ಎನಿಸಿತ್ತು, ಸುಳ್ಳೇಕೆ ಹೇಳಲಿ, ನನಗೂ. ಆದರೆ ಎರಡು ತಿಂಗಳ ಹೊರಹೋಗುವ ಪಂಚ್‌ಗಳು ಆಗಲೇ ಯಂತ್ರದಲ್ಲಿದ್ದವು, ಗೇಟಿನ ಮುಂದೆ ಎರಡು ಗಂಟೆ ಕುಳಿತವರು ಇನ್ನೊಮ್ಮೆ ಕುಳಿತು ಅದನ್ನೇ ಕೇಳಿದರೆ ಉತ್ತರ ಇರಲಿಲ್ಲ. ಇಷ್ಟನ್ನೇ ಹೇಳಿದೆ, ನ್ಯಾಯ, ಧರ್ಮ ಅಂತ ಏನೂ ಹೇಳಲಿಲ್ಲ. ಎರಡು ದಿನ ಬಿಟ್ಟು ಸಾಹುಕಾರರು ಫೋನ್ ಮಾಡಿ ಎರಡೂ ಪಂಚ್ ಇರಲಿ ಎಂದರು.

ಹೊಸದಾಗಿ ಬರೆದದ್ದು

ನೂರು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಆಡಳಿತ ಮತ್ತು ಕಾರ್ಮಿಕರ ವರ್ಕ್ಸ್ ಕಮಿಟಿ ಮಾಡಿ ಎಂದು ಸರ್ಕಾರ ಆದೇಶಿಸಬಹುದೆಂದು 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿತ್ತು. ಈ ಘಟಕದಲ್ಲೂ ಇತ್ತು, ಫೈಲಿನಲ್ಲಿ. ಸೆಪ್ಟೆಂಬರಿನಲ್ಲಿ ಅದು ಮೊದಲ ಸಲ ನಿಜವಾಗಿ ಕೂತಿತು. ಹೆಬ್ಬೆಟ್ಟಿನ ಮಾತಾಡಿದ ಅಕ್ಕ ಹಸನು ವಿಭಾಗದ ಪರವಾಗಿ ಬಂದರು. ಸಾಫ್ಟ್‌ವೇರಿನ ಆ ಪರದೆಯನ್ನು ತೆರೆದು, ಹುಬ್ಬಳ್ಳಿಯ ಹುಡುಗ ಕೇಳದ ಪ್ರಶ್ನೆಗಳನ್ನೆಲ್ಲ ಕನ್ನಡದಲ್ಲಿ ಓದಿ ಹೇಳುತ್ತಾ ಒಂದೊಂದಕ್ಕೂ ಉತ್ತರ ಬರೆದೆವು. ಅದಕ್ಕೆ ಎರಡು ಸಂಜೆ ಹಿಡಿಯಿತು.

ರಾತ್ರಿ ಪಾಳಿಗೆ ದಿನದ ಗಡಿಯನ್ನು ಮಧ್ಯರಾತ್ರಿಯಿಂದ ಮಧ್ಯಾಹ್ನಕ್ಕೆ ಸರಿಸಿದೆವು. ಗ್ರೇಸ್ 10 ನಿಮಿಷ, ಅದರ ಮೇಲೆ ತಡವಾದರೆ ತಡವಾದಷ್ಟು ನಿಮಿಷಕ್ಕೇ ಕಡಿತ. 15 ನಿಮಿಷ ದಾಟಿದ ಹೆಚ್ಚುವರಿ ಹೊತ್ತಿಗೆ ಸೂಪರ್‌ವೈಸರ್ ಅದೇ ದಿನ ಸಹಿ ಹಾಕಬೇಕು, ಹಾಕದಿದ್ದರೆ ಪಂಚ್ ಹೇಳಿದ್ದೇ ಲೆಕ್ಕ. ಹೋಲಿಕೆಯ ಮಟ್ಟವನ್ನು ಮೊದಲಿನ ಜಾಗಕ್ಕೇ ಏರಿಸಿ, ಎಲ್ಲರದೂ ಎರಡೂ ಕೈಯಿಂದ ಎರಡೆರಡು ಬೆರಳು ಹೊಸದಾಗಿ ತೆಗೆದೆವು; ಎಡಗೈ ಉಂಗುರದ ಬೆರಳು ಹೆಚ್ಚು ಸವೆದಿರುವುದಿಲ್ಲ ಎಂದು ಕಂಡುಕೊಂಡದ್ದು ವಾಚ್‌ಮನ್. ಏನು ಮಾಡಿದರೂ ಹಿಡಿಯದ 19 ಜನರಿಗೆ ಕಾರ್ಡು. ಯಂತ್ರಕ್ಕೆ ಇಂಟರ್ನೆಟ್ ಕೇಬಲ್ ಎಳೆದು ಗಡಿಯಾರವನ್ನು ಅದರಿಂದಲೇ ಸರಿಹೋಗುವಂತೆ ಮಾಡಿ, ಸಾಲಿನಲ್ಲಿ ನಿಂತವರಿಗೆ ಕಾಣುವ ಹಾಗೆ ಮೇಲೊಂದು ದೊಡ್ಡ ಗಡಿಯಾರ ಹಾಕಿದೆವು. ಪ್ರತಿ ತಿಂಗಳ 3ಕ್ಕೆ ವಿಭಾಗವಾರು ಹಾಜರಿ ಪಟ್ಟಿ ಬೋರ್ಡಿಗೆ, ತಕರಾರಿಗೆ 5ರವರೆಗೆ ಸಮಯ, 7ಕ್ಕೆ ಬಟವಾಡೆ.

ಇದೆಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಒಂದು ಉದ್ದ ಪುಸ್ತಕ. ಬೆರಳು ಹಿಡಿಯದಿದ್ದರೆ, ಕರೆಂಟು ಹೋದರೆ, ರೈಲ್ವೆ ಗೇಟ್ ಹಾಕಿ ಹತ್ತಾರು ಜನ ಒಟ್ಟಿಗೆ ತಡವಾದರೆ ಅದರಲ್ಲಿ ಬರೆದು ಸಹಿ ಮಾಡುವುದು. ಕಂಪ್ಯೂಟರಿನಲ್ಲಿ ಯಾವ ಪಂಚ್ ತಿದ್ದಿದರೂ ಪುಸ್ತಕದ ಪುಟದ ನಂಬರ್ ಹಾಕಬೇಕು. ಇದನ್ನು ನೋಡಿಕೊಳ್ಳಲು ಅಜ್ಜನನ್ನು ಉಳಿಸಿಕೊಂಡರು, ರಾತ್ರಿ ಪಾಳಿಯ ಪುಟಕ್ಕೆ ಮಾತ್ರ ವಾಚ್‌ಮನ್ ಸಹಿಯೂ ಬೇಕೆಂದು ಸೇರಿಸಿದರು. ಅಜ್ಜ ಅದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ. ಮೊದಲ ತಿಂಗಳು ಪುಸ್ತಕದಲ್ಲಿ ನೂರರ ಹತ್ತಿರ ನಮೂದುಗಳು. ಡಿಸೆಂಬರ್ ಹೊತ್ತಿಗೆ ಹದಿನೈದೋ ಇಪ್ಪತ್ತೋ. ಜೂನ್, ಜುಲೈನಲ್ಲಿ ತಪ್ಪಾಗಿ ಹಿಡಿದದ್ದು, ಹೆಚ್ಚುವರಿ ಹೊತ್ತಿನ ಬಾಕಿ ಎರಡೂ ಅಕ್ಟೋಬರ್ ಬಟವಾಡೆಯಲ್ಲಿ ಹೋಯಿತು. ಕಳ್ಳ ಹಾಜರಿ ಎಂಬ ಮಾತು ಕೇಳಿಸಿಕೊಂಡ ಆ ಇಬ್ಬರಲ್ಲಿ ಗೆಳತಿ ಮಾತ್ರ ಉಳಿದಳು. ಊರಿಗೆ ಹೋಗಿದ್ದವಳು ಮತ್ತೆ ಬರಲಿಲ್ಲ, ಬಾಕಿಯನ್ನು ಅವಳ ಅಣ್ಣ ಬಂದು ತೆಗೆದುಕೊಂಡು ಹೋದ.

ಆಮೇಲೆ

2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಎಲ್ಲರೂ ಒಂದೇ ಗಾಜು ಮುಟ್ಟುವುದು ನಿಂತಿತು. ಘಟಕ ಮತ್ತೆ ತೆರೆದಾಗ ತಿಂಗಳುಗಟ್ಟಲೆ ಹಾಜರಿ ನಡೆದದ್ದು ಆ ಉದ್ದ ಪುಸ್ತಕದಲ್ಲೇ. ಮರುವರ್ಷ ಮುಖ ನೋಡುವ ಯಂತ್ರ ಬಂತು. ಹಳೆಯದನ್ನು ಮಾರಾಟಗಾರ ಎಕ್ಸ್‌ಚೇಂಜ್‌ಗೆ ತೆಗೆದುಕೊಳ್ಳುತ್ತೇನೆಂದ. 160 ಜನರ ಬೆರಳಿನ ಲೆಕ್ಕ ಅದರೊಳಗೇ ಇತ್ತು. ಪಾಸ್‌ವರ್ಡ್ ಕಳೆದರೆ ಬದಲಿಸಬಹುದು, ಬೆರಳು ಬದಲಿಸಲಾಗುವುದಿಲ್ಲ. ಅಳಿಸಿ, ಅಳಿಸಿದ್ದನ್ನು ಕಮಿಟಿಯ ಇಬ್ಬರಿಗೆ ತೋರಿಸಿ, ಆಮೇಲೆ ಕೊಟ್ಟೆವು. ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂದದ್ದು 2023ರಲ್ಲಿ. ಆಗ ನಮಗೆ ಅದರ ಹೆಸರೂ ಗೊತ್ತಿರಲಿಲ್ಲ.

ಮುಖದ ಯಂತ್ರದಲ್ಲಿ ಬೆರಳಿನ ಜಗಳ ಇಲ್ಲ. ಧೂಳಿಗೆಂದು ಮೂಗು ಬಾಯಿಗೆ ಕಟ್ಟಿಕೊಂಡ ಬಟ್ಟೆ ಬಿಚ್ಚಬೇಕು, ಬೆಳಗಿನ ಜಾವದ ಪಾಳಿಗೆ ಗೇಟಿನ ದೀಪ ಸಾಲದು, ಇಂಥವು ಬಂದವು, ಪುಸ್ತಕದಲ್ಲಿ ಬರೆದು ಒಂದೊಂದಾಗಿ ಸರಿಮಾಡಿದರು. ಅಜ್ಜ ಈಗ ಕೆಲಸ ಬಿಟ್ಟಿದ್ದಾರೆ.

ಈಗಿನ ಮ್ಯಾನೇಜರ್ ಹೊಸಬರು, ಚುರುಕಿನವರು. ಯಂತ್ರವನ್ನು ಗೇಟಿನಿಂದ ತೆಗೆದು ಒಳಗೆ ವಿಭಾಗದ ಬಾಗಿಲಿಗೆ ಹಾಕಬೇಕು ಅನ್ನುತ್ತಾರೆ. ಗೇಟಿನಲ್ಲಿ ಬೆರಳೋ ಮುಖವೋ ತೋರಿಸಿ, ಹರಟುತ್ತಾ ನಡೆದು, ಚೀಲ ಇಟ್ಟು, ತಲೆಗೆ ಬಟ್ಟೆ ಕಟ್ಟಿ ಕೆಲಸಕ್ಕೆ ಕೂರುವಷ್ಟರಲ್ಲಿ 12 ನಿಮಿಷ ಹೋಗುತ್ತದೆ ಎಂದು ಅಳೆದಿದ್ದಾರೆ. ಹೆಣ್ಣುಮಕ್ಕಳು ಹೇಳುವುದು, ತಲೆಗೆ ಬಟ್ಟೆ ಕಟ್ಟಲೇಬೇಕೆಂದು ನಿಯಮ ಮಾಡಿದವರು ನೀವು, ಆ ಹೊತ್ತು ನಮ್ಮದು ಹೇಗಾಗುತ್ತದೆ ಅಂತ. ಬರುವ ಶನಿವಾರ ಕಮಿಟಿ ಕೂರುತ್ತದೆ, ನನ್ನನ್ನೂ ಕರೆದಿದ್ದಾರೆ. ನಡೆಯುವ ನಾಲ್ಕು ನಿಮಿಷ, ಬಟ್ಟೆ ಕಟ್ಟುವ ಎಂಟು ನಿಮಿಷ ಎರಡನ್ನೂ ಬೇರೆ ಬೇರೆ ಬರೆದುಕೊಂಡು ಬನ್ನಿ ಎಂದು ಇಬ್ಬರಿಗೂ ಹೇಳಿದ್ದೇನೆ.